ಮು. ಪೋ. ಎಂಬ ಎರಡು ಅಕ್ಷರ

ಮನೆಯ ಟ್ರಂಕಿನಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ಒಮ್ಮೆ ತೆಗೆದು ನೋಡಬೇಕು. ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಊರಿನ ಹೆಸರಿನ ಹಿಂದೆ 'ಮು. ಪೋ.' ಎಂಬ ಎರಡು ಅಕ್ಷರಗಳಿರುವುದುಂಟು. ಇದು 'ಮುಕ್ಕಾಂ ಪೋಸ್ಟ್' ಎಂಬುದರ ಸಂಕ್ಷೇಪ. ಅಂದರೆ ವಾಸದ ಊರೂ ಅದೇ, ಅಂಚೆ ಕಚೇರಿ ಇರುವ ಊರೂ ಅದೇ. ಅಂಚೆ ಕಚೇರಿ ಇಲ್ಲದ ಊರಿನವರು 'ಸಾ.' ಎಂದು ತಮ್ಮ ಊರನ್ನೂ 'ಪೋ.' ಎಂದು ನೆರೆಯ ಊರನ್ನೂ ಬೇರೆ ಬೇರೆಯಾಗಿ ಬರೆಯಬೇಕಾಗುತ್ತದೆ. ಅಜ್ಜನ ಲಗ್ನಪತ್ರಿಕೆಯಲ್ಲಿ 'ಮು. ಪೋ.' ಇದ್ದು, ಮೊಮ್ಮಗನ ಪತ್ರಿಕೆಯಲ್ಲಿ 'ಪೋ.' ಎಂದು ಪಕ್ಕದ ಊರಿನ ಹೆಸರು ಕಂಡರೆ ಏನರ್ಥ? ಈ ಎರಡು ಮದುವೆಗಳ ನಡುವೆ ಎಂದೋ ಒಂದು ಅಂಚೆ ಕಚೇರಿ ಆ ಊರನ್ನು ಬಿಟ್ಟು ಹೋಗಿರಬಹುದು.

ಅಂಚೆ ಕಚೇರಿ ಹೋದರೆ ಊರು ಹೋದಂತಲ್ಲ, ನಿಜ. ಆದರೆ ಸಣ್ಣ ಊರಿಗೆ ಹೊರಜಗತ್ತಿನಲ್ಲಿ ಇರುವ ಗುರುತು ಬಹಳ ಕಡಿಮೆ. ಅಂಚೆಯ ಮುದ್ರೆಯಲ್ಲಿ ಊರಿನ ಹೆಸರು ಮತ್ತು ತಾರೀಖು ಎರಡೂ ಒಟ್ಟಿಗೆ ಅಚ್ಚಾಗುತ್ತವೆ. ಇಂಥ ದಿನ ಈ ಊರು ಇತ್ತು, ಇಲ್ಲಿಂದ ಯಾರೋ ಯಾರಿಗೋ ಬರೆದರು ಎಂಬುದಕ್ಕೆ ಅದಕ್ಕಿಂತ ಸರಳವಾದ ಸಾಕ್ಷಿ ಇನ್ನೊಂದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆ ಈ ಹುಡುಕಾಟಕ್ಕೆ ಹೇಳಿ ಮಾಡಿಸಿದ ನೆಲ.

ಇಲ್ಲಿನ ಕಂದಾಯ ದಾಖಲೆಗಳಲ್ಲಿ 'ಬೇಚಿರಾಕ್' ಎಂಬ ಮಾತಿದೆ. ಜನರ ಬಾಯಲ್ಲಿ ಅದು 'ಬೇಚರಾಕ್' ಆಗಿದೆ. ಪಾರಸಿಯಲ್ಲಿ 'ಬೇ' ಎಂದರೆ ಇಲ್ಲದ, 'ಚಿರಾಗ್' ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚಿರಾಕ್. ಅದಕ್ಕೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ. ಮನೆಗಳು ಮಾತ್ರ ಇಲ್ಲ. ಬರ, ಪ್ಲೇಗು, ನದಿಯ ನೆರೆ, ಕಳ್ಳಕಾಕರ ಭಯ ಮುಂತಾದ ಕಾರಣಗಳಿಂದ ಜನ ಊರು ಬಿಟ್ಟಿದ್ದಾರೆ. 1876ರಿಂದ 1878ರವರೆಗಿನ ಭೀಕರ ಬರಗಾಲ ಈ ಸೀಮೆಯನ್ನೂ ಬಿಡಲಿಲ್ಲ. ಹೊಲದ ನಡುವೆ ಒಂಟಿಯಾಗಿ ನಿಂತ ಹನುಮಪ್ಪನ ಗುಡಿ, ಬೂದಿಮಣ್ಣಿನ ದಿಬ್ಬ, ಒಡೆದ ಮಡಕೆಯ ಚೂರು ಕಂಡರೆ ಅಲ್ಲೊಂದು ಹಾಳೂರು ಇತ್ತೆಂದು ಹಿರಿಯರು ಹೇಳುತ್ತಾರೆ.

ಊರು ಇದ್ದಲ್ಲೇ ಇದ್ದು ವಿಳಾಸ ಬದಲಾಗುವುದೂ ಉಂಟು. ಲಿಂಗಸುಗೂರು ಇಂದು ತಾಲ್ಲೂಕಿನ ಕೇಂದ್ರ. ನಿಜಾಮರ ಕಾಲದಲ್ಲಿ ಅದು ಜಿಲ್ಲೆಯ ಹೆಸರಾಗಿತ್ತು, ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿಯೂ ಅಲ್ಲಿತ್ತು. 1858ರಲ್ಲಿ ಸುರಪುರದ ಮೇಲೆ ಪಡೆ ಹೊರಟದ್ದು ಅಲ್ಲಿಂದಲೇ. 1905ರಲ್ಲಿ ಆ ಜಿಲ್ಲೆಯನ್ನು ಒಡೆಯಲಾಯಿತು. ಮಸ್ಕಿಯ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ಹೊಸ್ತಿಲು ಒಂದಿಂಚೂ ಸರಿಯದೆ ಅದು ಲಿಂಗಸುಗೂರು ಜಿಲ್ಲೆಯಿಂದ ರಾಯಚೂರು ಜಿಲ್ಲೆಗೆ, 1956ರಲ್ಲಿ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ, 1973ರಲ್ಲಿ ಕರ್ನಾಟಕ ಎಂಬ ಹೆಸರಿಗೆ, 2018ರಲ್ಲಿ ಹೊಸ ಮಸ್ಕಿ ತಾಲ್ಲೂಕಿಗೆ ಬಂದಿದೆ. ಹಳೆಯ ಲಕೋಟೆಯ ಮೇಲಿನ ವಿಳಾಸ ಓದುವಾಗ ಈ ಬದಲಾವಣೆಗಳು ಗೊತ್ತಿರಬೇಕು. ಇಲ್ಲವಾದರೆ 'ಜಿಲ್ಲಾ ಲಿಂಗಸುಗೂರು' ಎಂಬುದನ್ನು ಬರೆದವರ ತಪ್ಪೆಂದೇ ತಿಳಿಯುತ್ತೇವೆ.

ಅಂಚೆಯೂ ಇಲ್ಲಿ ಎರಡು ಬಗೆಯದಾಗಿತ್ತು. ನಿಜಾಮರ ಸರ್ಕಾರ 1869ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿತು. ಅವು ಸಂಸ್ಥಾನದ ಒಳಗಿನ ಪತ್ರಗಳಿಗೆ ಮಾತ್ರ ನಡೆಯುತ್ತಿದ್ದವು. ಹೊರಗೆ ಹೋಗುವ ಕಾಗದಕ್ಕೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕು. 1931ರಲ್ಲಿ ಬಂದ ಚಿತ್ರಗಳ ಸರಣಿಯಲ್ಲಿ ಚಾರ್‌ಮಿನಾರ್ ಒಂದಾಣೆಗೆ. ಇಂದು ಕರ್ನಾಟಕದಲ್ಲಿರುವ ಬೀದರಿನ ಮದರಸಾ ಹನ್ನೆರಡಾಣೆಗೆ. 1950ರ ಏಪ್ರಿಲ್ 1ರಂದು ಸಂಸ್ಥಾನದ ಅಂಚೆ ಭಾರತೀಯ ಅಂಚೆಯಲ್ಲಿ ವಿಲೀನವಾಯಿತು. ಹೀಗಾಗಿ ತಾರೀಖು ಅಳಿಸಿಹೋದ ಲಕೋಟೆಯ ಕಾಲವನ್ನೂ ಚೀಟಿ ನೋಡಿ ಅಂದಾಜು ಮಾಡಬಹುದು. ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು ಎಂಬುದು ಖಚಿತ. ಸಿಂಧನೂರಿಗೆ 584128, ಲಿಂಗಸುಗೂರಿಗೆ 584122, ಮಸ್ಕಿಗೆ 584124. ಮೊದಲ ಮೂರಂಕಿ ರಾಯಚೂರು ಸೀಮೆಯದು, ಕೊನೆಯ ಮೂರು ಬಟವಾಡೆಯ ಕಚೇರಿಯದು. ಆದರೆ ಪಿನ್ ಇಲ್ಲವೆಂದ ಮಾತ್ರಕ್ಕೆ ಕಾಗದ 1972ಕ್ಕಿಂತ ಹಿಂದಿನದು ಎನ್ನಲಾಗದು. ಪಿನ್ ಬರೆಯಲು ಮರೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ!

ಹೆಸರು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಸ್ಕಿಗಿಂತ ದೊಡ್ಡ ಉದಾಹರಣೆ ಬೇಡ. 1915ರಲ್ಲಿ ಚಿನ್ನದ ನಿಕ್ಷೇಪ ಅರಸುತ್ತಿದ್ದ ಎಂಜಿನಿಯರ್ ಬೀಡನ್ ಅವರಿಗೆ ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. 'ಅಶೋಕ' ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವಂತೂ ಒಂದು ಕಾಗದದಂತೆಯೇ ಶುರುವಾಗುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೋರಿ ತಿಳಿಸುವ ವಿಷಯ ಅದು. ಕಳಿಸಿದ ಊರು ಸುವರ್ಣಗಿರಿ, ಮುಟ್ಟಿದ ಊರು ಇಸಿಲ. ಎರಡೂ ಹೆಸರಿನ ಊರುಗಳು ಇಂದಿಲ್ಲ. ಇಸಿಲ ಬ್ರಹ್ಮಗಿರಿಯ ಆಸುಪಾಸಿನದು. ಸುವರ್ಣಗಿರಿಯೆಂದರೆ ಮಸ್ಕಿಯ ದಕ್ಷಿಣಕ್ಕಿರುವ ಕನಕಗಿರಿಯೇ ಇರಬೇಕೆಂದು ಕೆಲವರು, ಆಂಧ್ರದ ಜೊನ್ನಗಿರಿಯೆಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡು ಸಾವಿರ ವರ್ಷಗಳ ಮೇಲೂ ಈ ಚರ್ಚೆ ಸಾಧ್ಯವಾದದ್ದು ವಿಳಾಸ ಉಳಿದದ್ದರಿಂದ.

ಎಲ್ಲ ಊರಿಗೂ ಕಲ್ಲಿನ ಮೇಲೆ ವಿಳಾಸ ಬರೆಯುವವರು ಸಿಗುವುದಿಲ್ಲ. ತುಂಗಭದ್ರಾ ಅಣೆಕಟ್ಟೆಯ ನೀರು 1953ರಿಂದ ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯುದ್ದಕ್ಕೂ ಹೊಸ ವಸತಿಗಳೆದ್ದವು. ಕರಾವಳಿ ಆಂಧ್ರದ ರೈತರು ಜಮೀನು ಕೊಂಡು ಭತ್ತ ಬೆಳೆದರು. ಅವರ ನೆಲೆಗಳಿಗೆ 'ಕ್ಯಾಂಪ್' ಎಂಬ ಹೆಸರೇ ನಿಂತಿತು. ಇಂಥ ಎಷ್ಟೋ ಕ್ಯಾಂಪುಗಳು ಜನಗಣತಿಯಲ್ಲಿ ಪ್ರತ್ಯೇಕ ಗ್ರಾಮಗಳಲ್ಲ, ಮೂಲ ಗ್ರಾಮದ ಲೆಕ್ಕದಲ್ಲೇ ಅಡಗಿವೆ. ಅವುಗಳ ಹೆಸರು ಹುಡುಕಬೇಕಾದದ್ದು ಕಾಗದಗಳ ಮೇಲೆ, ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳದು ಇನ್ನೂ ಬೇರೆ ಕಥೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಇಲ್ಲಿ ಪುನರ್ವಸತಿ ಆಯಿತು. ಈ ಊರುಗಳಿಗೆ ಹೆಸರಿಗೆ ಬದಲು ಸಂಖ್ಯೆಗಳು. ಬಿಟ್ಟು ಬಂದ ಊರಿನ ವಿಳಾಸ ಬೇರೆ ದೇಶದ್ದಾಯಿತು, ಸೇರಿದ ಊರಿನ ವಿಳಾಸ ಒಂದು ಅಂಕಿಯಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪೌರತ್ವದ ಹೊಸ ನಿಯಮಗಳನ್ನು ಪ್ರಕಟಿಸಿತು. 2014ರ ಡಿಸೆಂಬರ್ 31ರೊಳಗೆ ಭಾರತಕ್ಕೆ ಬಂದದ್ದನ್ನು ತೋರಿಸುವ ದಾಖಲೆಗಳ ಪಟ್ಟಿಯಲ್ಲಿ ಪಡಿತರ ಚೀಟಿ, ಶಾಲೆಯ ಪ್ರಮಾಣಪತ್ರಗಳ ಜೊತೆಗೆ ಅಂಚೆ ಕಚೇರಿಯ ಖಾತೆಯೂ ಸೇರಿತ್ತು. ಕ್ಯಾಂಪಿನ ಕುಟುಂಬಕ್ಕೆ ಹಳೆಯ ಪಾಸ್‌ಬುಕ್ ಬರೀ ಹಳೆಯ ಕಾಗದವಲ್ಲ. ಅದರ ಮೇಲೆ ಬಿದ್ದ ದುಂಡು ಮುದ್ರೆಯಲ್ಲಿ ಯಾರು, ಎಲ್ಲಿ, ಎಂದು ಎಂಬ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರವಿರುತ್ತದೆ.

ವಿದ್ಯಾರ್ಥಿಗಳಿಗೆ ಇದು ರಜೆಯಲ್ಲಿ ಮಾಡಬಹುದಾದ ಒಳ್ಳೆಯ ಕೆಲಸ. ಮೊದಲು ಮನೆಯ ಕಾಗದ, ಮನಿಯಾರ್ಡರ್ ರಸೀದಿ, ಲಗ್ನಪತ್ರಿಕೆಗಳನ್ನು ತಾರೀಖಿನ ಪ್ರಕಾರ ಜೋಡಿಸಬೇಕು. ಭೂತಗನ್ನಡಿ ಹಿಡಿದು ಮುದ್ರೆಯ ಅಕ್ಷರ ಓದಬೇಕು. ಕಂಡ ಅಂಚೆ ಕಚೇರಿಯ ಹೆಸರು, ಮೊದಲ ಮುದ್ರೆಯ ತಾರೀಖು, ಕೊನೆಯ ಮುದ್ರೆಯ ತಾರೀಖು ಎಂದು ಮೂರು ಅಂಕಣ ಎಳೆದು ತುಂಬಬೇಕು. ಚೀಟಿಗಾಗಿ ಲಕೋಟೆಯನ್ನು ಕತ್ತರಿಸುವುದು ಮಾತ್ರ ಬೇಡ. ಚೀಟಿ ಉಳಿಯುತ್ತದೆ, ಊರು ಕಳೆದುಹೋಗುತ್ತದೆ. ಆಮೇಲೆ ಗ್ರಂಥಾಲಯದಲ್ಲಿ ಜಿಲ್ಲಾ ಜನಗಣತಿ ಕೈಪಿಡಿಗಳನ್ನು ಕೇಳಬೇಕು. ಅವುಗಳ ಗ್ರಾಮಪಟ್ಟಿಯಲ್ಲಿ ಯಾವ ಊರಿಗೆ ಅಂಚೆ ಕಚೇರಿ ಇತ್ತು, ಯಾವುದು ನಿರ್ಜನ ಗ್ರಾಮ ಎಂಬ ವಿವರ ಸಿಗುತ್ತದೆ. ಒಂದು ಗಣತಿಯ ಪುಸ್ತಕವನ್ನು ಮುಂದಿನದರ ಜೊತೆ ಇಟ್ಟು ನೋಡಿದರೆ ಬದಲಾವಣೆ ತಾನಾಗಿ ಕಾಣುತ್ತದೆ. ಊರಿನ ಹಿರಿಯ ಅಂಚೆಪೇದೆಯನ್ನು ಮಾತನಾಡಿಸುವುದನ್ನೂ ಮರೆಯಬಾರದು. ಯಾವ ಓಣಿ ಯಾವ ಊರಿನ ಲೆಕ್ಕ ಎಂಬುದು ಅವರಷ್ಟು ಬಲ್ಲವರಿಲ್ಲ.

ಎರಡು ಎಚ್ಚರಿಕೆಗಳು. ಒಂದು, ಹೆಸರಿನ ಬರವಣಿಗೆ ಕಾಲಕ್ಕೊಂದು ಬಗೆ. ಇಂಗ್ಲಿಷರ ಬರಹದಲ್ಲಿ ಲಿಂಗಸುಗೂರು 'ಲಿಂಗ್ಸೂಗೂರ್' ಆಗಿತ್ತು. ಎರಡು, ಒಂದೇ ಹೆಸರಿಗೆ ಎರಡು ಜಾಗಗಳಿರಬಹುದು. ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟೆ 1982ರಲ್ಲಿ ಮುಗಿದಾಗ ಹಿನ್ನೀರಿನ ಪಾಲಾದ ಊರುಗಳ ಜನ ಹೊಸ ನೆಲೆಗೆ ಹಳೆಯ ಹೆಸರನ್ನೂ ಹೊತ್ತು ನಡೆದರು. ಮುದ್ರೆಯಲ್ಲಿ ಅದೇ ಹೆಸರಿದ್ದರೂ ಹಳೆಯ ಊರು ಈಗ ನೀರಿನ ತಳದಲ್ಲಿರಬಹುದು.

ತಂದೆ ತಾಯಂದಿರಿಗೂ ಒಂದು ಮಾತು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಮೊದಲು ಹೊರಬೀಳುವುದು ತಂತಿಗೆ ಚುಚ್ಚಿಟ್ಟ ಹಳೆಯ ಕಾಗದಗಳ ಕಟ್ಟು. ಒಲೆಗೆ ಹಾಕುವ ಮುನ್ನ ಅದನ್ನು ಮಕ್ಕಳ ಕೈಗೆ ಕೊಟ್ಟು ಓದಿಸಿ. ಒಳಗಿನ ಸುದ್ದಿ ಮನೆಯದು. ಹೊರಗಿನ ಮುದ್ರೆ ಊರಿನದು. ಬೇಚಿರಾಕ್ ಊರಿನಲ್ಲಿ ಮತ್ತೆ ದೀಪ ಹಚ್ಚಲು ಸಾಧ್ಯವಾಗದೆ ಇರಬಹುದು, ಅಲ್ಲಿ ಒಂದು ಕಾಲಕ್ಕೆ ದೀಪವಿತ್ತು ಎಂದು ತಾರೀಖಿನ ಸಮೇತ ಬರೆದಿಡುವುದಂತೂ ಹತ್ತನೆಯ ತರಗತಿಯ ಹುಡುಗ ಹುಡುಗಿಯರಿಗೂ ಸಾಧ್ಯ.