ಗಾಜಿನ ಗುಂಡಿನ ಕುಲಗೋತ್ರ

ಹೊಳೆನರಸೀಪುರದ ಬಂಧುಗಳ ಮನೆಯಲ್ಲಿ, ಶಾನುಭೋಗಿಕೆ ನಡೆಸಿದ್ದ ಹಿರಿಯರ ಮೇಜಿನ ಮೇಲೆ ಕೂತು ಪಹಣಿ, ಖಿರ್ದಿಗಳ ಹಾಳೆಗಳನ್ನು ಗಾಳಿಗೆ ಹಾರದಂತೆ ಕಾಪಾಡುತ್ತಿದ್ದ ಗಾಜಿನ ಪೇಪರ್‌ವೇಯ್ಟ್ ಒಂದು, ಈಚೆಗೆ ಅಟ್ಟದಿಂದಿಳಿದು ಷೋಕೇಸನ್ನು ಸೇರಿದುದಲ್ಲದೆ, ಫ್ರಾನ್ಸ್ ದೇಶದ ಅಪೂರ್ವ ವಸ್ತುವೆಂಬ ಬಿರುದನ್ನೂ ಧರಿಸಿತು. ಮನೆಯವರ ಸಂಭ್ರಮವನ್ನು ಕದಡುವ ಇಚ್ಛೆ ನನಗಿರಲಿಲ್ಲ. ಆದರೂ ಕೈಗೆತ್ತಿಕೊಂಡು ಮಗುಚಿ ನೋಡದೆ ಇರಲಾಗಲಿಲ್ಲ.

ನೋಡುವವರೆಲ್ಲರ ಕಣ್ಣು ಒಳಗಿನ ಹೂವಿಗೆ ಹೋಗುತ್ತದೆ. ಗಾಜಿನ ಜನ್ಮವೃತ್ತಾಂತವನ್ನು ಓದತಕ್ಕದ್ದು ತಳದಲ್ಲಿ. ಕಬ್ಬಿಣದ ಸಲಾಕೆಯ ತುದಿಯಲ್ಲಿ ಹಿಡಿದು ರೂಪಿಸಿದ ಗಾಜನ್ನು ಕಡೆಗೆ ಮುರಿದು ಬಿಡಿಸಿದಾಗ ಉಳಿಯುವ ಗಾಯವು ಒರಟಾಗಿಯೇ ಇದೆಯೊ, ಸಾಣೆ ಹಿಡಿದು ಮಾಯಿಸಲ್ಪಟ್ಟಿದೆಯೊ, ಸವೆತದ ಗೀರುಗಳು ವರ್ಷಾನುಗಟ್ಟಲೆ ಮೇಜಿನ ಮೇಲೆ ಸರಿದಾಡಿದ ವಸ್ತುವಿಗೆ ಸಹಜವಾಗಿ ದಿಕ್ಕುದಿಕ್ಕಿಗೆ ಹರಿದಿವೆಯೊ, ಅಥವಾ ಹಳೆಯದೆನ್ನಿಸಲೆಂದು ಯಾರೋ ಉಪ್ಪುಕಾಗದದಿಂದ ಉಜ್ಜಿದಂತೆ ಒಂದೇ ಸಾಲಾಗಿವೆಯೊ ಎಂಬುದನ್ನು ಮೊದಲು ವಿಚಾರಿಸಬೇಕು. ನಮ್ಮ ಬಂಧುಗಳ ಗುಂಡು ಅಂಗೈಗೆ ಹಗುರ, ಅಂಚಿನಲ್ಲಿ ನಸುಹಸಿರು, ಕೆಂಪು ದಳಗಳ ನಡುವೆ ಸಾಸಿವೆಯಷ್ಟು ಗಾತ್ರದ ಗುಳ್ಳೆಗಳು, ತಳದ ಗಾಯ ಬೆರಳಿಗೆ ತಾಗುವಷ್ಟು ಒರಟು. ಸೀಸ ಬೆರೆತ ಫ್ರೆಂಚ್ ಗಾಜಿನ ಭಾರವಾಗಲಿ ನುಣುಪಾಗಲಿ ಅದಕ್ಕಿರಲಿಲ್ಲ. ಬಳೆಗಳಿಗೆ ಹೆಸರಾದ ಫಿರೋಜಾಬಾದಿನ ಕುಲುಮೆಯದೆಂದೇ ನನ್ನ ಊಹೆ.

ಇಂಥ ಗುಂಡುಗಳ ಒಳಗೆ ಕಾಣುವ ಅಕ್ಷರಗಳನ್ನೂ ಕಣ್ಮುಚ್ಚಿ ನಂಬಲಾಗದು. ಫ್ರಾನ್ಸಿನ ಬಕಾರಾ ಗಾಜಿನ ಕಾರ್ಖಾನೆಯವರು 1840ರ ದಶಕದಲ್ಲಿ ಬಣ್ಣದ ಗಾಜಿನ ಕಡ್ಡಿಗಳ ತುಣುಕುಗಳ ನಡುವೆ ‘ಬಿ’ ಎಂಬ ಅಕ್ಷರವನ್ನೂ ಇಸವಿಯನ್ನೂ ಹುದುಗಿಸಿದರು. ಅಲ್ಲಿಯದೇ ಆದ ಕ್ಲಿಶಿ ಕಾರ್ಖಾನೆಯವರ ಗುರುತು ಗುಲಾಬಿ. ಆದರೆ ಗುಲಾಬಿಯನ್ನು ಇತರರೂ ಮಾಡಿದರು. 1930ರ ಸುಮಾರಿಗೆ ಚೀನಾದಲ್ಲಿ ಫ್ರೆಂಚ್ ಮಾದರಿಗಳ ಅನುಕರಣೆಗಳೇ ತಯಾರಾದವು. ಸಹಿಯ ಮಾತು ನಮ್ಮ ಶಿಲ್ಪಕ್ಕೂ ಸಲ್ಲುತ್ತದೆ: ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಗಳ ಮೇಲೆ ಬೈಚೋಜ, ಮಲ್ಲಿತಮ್ಮರು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಹಾಗಿದ್ದೂ ಹೆಸರಿಲ್ಲದ ವಿಗ್ರಹದ ಮುಂದೆ ನಿಂತವನು ಉಳಿಯ ವರಸೆಯನ್ನೇ ಓದಬೇಕಲ್ಲವೆ? ಗಾಜಿನಲ್ಲಿಯೂ ಸಹಿಯು ಒಂದು ಸಾಕ್ಷಿ ಮಾತ್ರ. ತೂಕ, ತಳ, ಸವೆತಗಳು ಅದರ ಮಾತಿಗೆ ಹೂಂಗುಟ್ಟಬೇಕು.

ಫಿರೋಜಾಬಾದಿನದೆಂದೊಡನೆ ಮನೆಯವರ ಮುಖ ಬಾಡಿತು. ನನಗಾದರೋ ಅದರ ನಿಜವಾದ ಬೆಲೆ ಆಗಲೇ ತಿಳಿದುಬಂದಂತಾಯಿತು. ವಂಶಪಾರಂಪರ್ಯದ ಶಾನುಭೋಗಿಕೆಯು 1961ರ ಕಾನೂನಿನಿಂದ ರದ್ದಾಗಿ 1963ರಲ್ಲಿ ಕೊನೆಗೊಂಡಿತಾಗಿ, ಹಿರಿಯರ ಕೆಲಸದ ಮೇಜಿನ ಮೇಲಿದ್ದ ಈ ಗುಂಡು ಅದಕ್ಕಿಂತ ಈಚಿನದಾಗಿರಲಾರದು. ಕಾಲನಿರ್ಣಯಕ್ಕೆ ಇಂಥ ಆಧಾರವು ಪರದೇಶದ ಗುಲಾಬಿಗಿಂತ ಗಟ್ಟಿಯಾದುದು. ಹಿರಿಯರ ಮೇಜಿನದೆಂಬ ಆ ಆಧಾರ ದೊರೆತದ್ದು ಮನೆಯ ಅಜ್ಜಿಯ ಬಾಯಿಂದ.

ಹಾಸನದ ಗುಜರಿ ಅಂಗಡಿಗಳಿಗೂ ಅರಕಲಗೂಡಿನ ಹಳೆಯ ಮನೆಗಳ ಅಟ್ಟಗಳಿಗೂ ಇಂಥವು ಇನ್ನೂ ಬಂದುಬಿದ್ದಿರಬೇಕು. ನಿಮ್ಮಲ್ಲೊಂದಿದ್ದರೆ ತಳಕ್ಕೆ ಪಾಲಿಷ್ ಹಾಕಿಸಬೇಡಿ. ಯಾರ ಮೇಜಿನದು, ಯಾವ ಕಚೇರಿಯದು ಎಂದು ಹಿರಿಯರು ಇರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಕೆಳಗಿಡಿ.