ಮಸ್‌ಅಲ ಹೇಳಿದರೆ ಸಾಲದು, ಆಸ್ಪತ್ರೆಗೂ ಕಳಿಸಬೇಕು

ಕಳೆದ ವರ್ಷ ರಮಝಾನ್‌ಗೆ ಸ್ವಲ್ಪ ಮೊದಲು ಊರಿನಿಂದ ನನ್ನ ಅಕ್ಕನ ಫೋನ್ ಬಂತು. ನನ್ನ ಹತ್ತಿರ ಮಾತಾಡಲು ಅವಳಿಗೆ ನಾಚಿಕೆ. ನನ್ನ ಹೆಂಡತಿಯ ಮೂಲಕ ಕೇಳಿಸಿದಳು: "ಇಪ್ಪತ್ತು ದಿನ ಆಯ್ತು, ನಿಂತಿಲ್ಲ. ನಮಾಝ್ ಮಾಡಬೇಕಾ? ನೋಂಬು ಹಿಡಿಯಬೇಕಾ?"

ಎರಡೇ ನಿಮಿಷದಲ್ಲಿ ಉತ್ತರ ಹೇಳಿದೆ. ಶಾಫಿಈ ಮದ್ಹಬ್‌ನಲ್ಲಿ ಹೈಳ್‌ನ ಗರಿಷ್ಠ ಅವಧಿ 15 ದಿನ. ಅದನ್ನು ದಾಟಿದರೆ ಇಸ್ತಿಹಾಳ. ಶುಚಿ ಮಾಡಿಕೊಂಡು, ಪ್ಯಾಡ್ ಕಟ್ಟಿ, ಪ್ರತಿ ಫರ್ಳ್ ನಮಾಝಿಗೆ ಸಮಯವಾದ ನಂತರ ವುಳೂ ಮಾಡಿ ನಮಾಝ್ ಮಾಡಬೇಕು. ನೋಂಬೂ ಹಿಡಿಯಬೇಕು. ಮಸ್‌ಅಲ ಸರಿಯಾಗಿಯೇ ಇತ್ತು. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಲಿಲ್ಲ. ಇಷ್ಟು ರಕ್ತ ಯಾಕೆ ಹೋಗುತ್ತಿದೆ, ಡಾಕ್ಟರಿಗೆ ತೋರಿಸಿದೆಯಾ ಎಂದು.

ನಾಲ್ಕು ತಿಂಗಳ ನಂತರ ಅವಳು ರೈಲಲ್ಲಿ ಯಶವಂತಪುರಕ್ಕೆ ಬಂದಳು. ನಮ್ಮದು ಮೂರನೇ ಮಹಡಿ. ಒಂದು ಮಹಡಿ ಹತ್ತಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಮುಖ ಬಿಳಚಿಕೊಂಡಿತ್ತು. ಮರುದಿನ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಆರೂವರೆ. ಹೆಂಗಸರಿಗೆ 12 ಆದರೂ ಇರಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ 5 ಸೆಂಟಿಮೀಟರ್ ಗಡ್ಡೆ ಕಂಡಿತು. ಡಾಕ್ಟರ್ ಅದಕ್ಕೆ ಹೇಳಿದ ಹೆಸರು ಫೈಬ್ರಾಯ್ಡ್. ಅಕ್ಕನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಬರಿ, ಇನ್ನೊಬ್ಬಳಾದರೂ ಬೇಗ ಹೋಗಲಿ" ಎಂದಳು.

ಗಡ್ಡೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಅಳು ಶುರುವಾಗುತ್ತದೆ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಗಂಟು ಅದು. ಕಡಲೆಕಾಳಿನಷ್ಟು ಇರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಹೆಣ್ಣಿನ ದೇಹದ ಹಾರ್ಮೋನುಗಳಿಂದ ಬೆಳೆಯುವುದರಿಂದ ಹೆರುವ ವಯಸ್ಸಿನಲ್ಲಿ ಕಾಣಿಸಿಕೊಂಡು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಅಪರೂಪದ ಕಾಯಿಲೆಯೂ ಅಲ್ಲ. 50 ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಸಣ್ಣದೋ ದೊಡ್ಡದೋ ಇರುತ್ತದೆ ಎನ್ನುತ್ತಾರೆ ವೈದ್ಯರು. ತೊಂದರೆ ಕೊಡದಿದ್ದರೆ ಹೆಚ್ಚಿನವಕ್ಕೆ ಚಿಕಿತ್ಸೆಯೇ ಬೇಡ, ವೈದ್ಯರ ಕಣ್ಣಿದ್ದರೆ ಸಾಕು.

ತೊಂದರೆ ಕೊಡುವುದು ಗಡ್ಡೆ ಇರುವ ಜಾಗವನ್ನು ಅವಲಂಬಿಸಿದೆ. ಗರ್ಭಕೋಶದ ಒಳಪದರದ ಹತ್ತಿರ ಇದ್ದರೆ ಸಣ್ಣದಾದರೂ ವಿಪರೀತ ರಕ್ತಸ್ರಾವ, ಕೆಲವೊಮ್ಮೆ ಗರ್ಭ ನಿಲ್ಲದಿರುವುದು. ಹೊರಗಡೆ ಬೆಳೆದರೆ ಮೂತ್ರಕೋಶವನ್ನು ಒತ್ತಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ಮಲಬದ್ಧತೆ, ಹೊಟ್ಟೆ ಭಾರ. ನಮ್ಮ ಹೆಂಗಸರು ಇದನ್ನೆಲ್ಲ "ವಯಸ್ಸಾಯ್ತು, ಮಾಮೂಲಿ" ಎಂದು ನುಂಗಿಕೊಳ್ಳುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ತಿಂಗಳಿಗೆ ಇಪ್ಪತ್ತು ದಿನ ಹೋದರೆ ಉಳಿಯುವುದೇನು?

ಇನ್ನೊಂದು ಕಡೆಯ ತಪ್ಪೂ ನಮಗೆ ಎದುರಾಯಿತು. ಮೊದಲು ಹೋದ ಒಂದು ನರ್ಸಿಂಗ್ ಹೋಮ್‌ನಲ್ಲಿ, "ಗರ್ಭಕೋಶ ತೆಗೆಸಿಬಿಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ನಾಳೆಯೇ ಅಡ್ಮಿಟ್ ಮಾಡಿ" ಎಂದರು. ಭಾವ ಸಹಿ ಹಾಕಲು ತಯಾರಾಗಿದ್ದರು. ಕಲಬುರಗಿಯ ಸುದ್ದಿ ನೆನಪಾಗಿ ನಾನು ತಡೆದೆ. 2015ರಲ್ಲಿ ಅಲ್ಲಿಯ ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದದ್ದು ಬಯಲಿಗೆ ಬಂದಿತ್ತು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಬಡವರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೂ ಕ್ಯಾನ್ಸರ್ ಭಯ ಹುಟ್ಟಿಸಿದ್ದರು ಎಂಬ ದೂರುಗಳಿದ್ದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಹೇಳಿತು.

ಇನ್ನೊಂದು ಆಸ್ಪತ್ರೆಯ ಲೇಡಿ ಡಾಕ್ಟರ್ ತಾಳ್ಮೆಯಿಂದ ವಿವರಿಸಿದರು. ಫೈಬ್ರಾಯ್ಡ್ ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ದಾರಿಗಳು ಹಲವು ಇವೆ. ಸ್ರಾವದ ದಿನಗಳಲ್ಲಿ ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಜೊತೆಗೆ ಕಬ್ಬಿಣಾಂಶ. ಹಾರ್ಮೋನ್ ಮಾತ್ರೆ. ಗರ್ಭಕೋಶದೊಳಗೆ ಇಡುವ, ಕೆಲವು ವರ್ಷ ಕೆಲಸ ಮಾಡುವ ಹಾರ್ಮೋನ್ ಸಾಧನ. ಆಪರೇಷನ್‌ಗೆ ಮೊದಲು ಗಡ್ಡೆ ಕುಗ್ಗಿಸುವ ಇಂಜೆಕ್ಷನ್. ಮಕ್ಕಳು ಬೇಕೆನ್ನುವವರಿಗೆ ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸುವ ಶಸ್ತ್ರಚಿಕಿತ್ಸೆ, ಆದರೆ ಗಡ್ಡೆ ಮತ್ತೆ ಬೆಳೆಯಬಹುದು. ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ ವಿಧಾನವೂ ಇದೆ. ಇವು ಯಾವುದೂ ಆಗದಿದ್ದಾಗ, ತೊಂದರೆ ಜೋರಿದ್ದಾಗ, ಗರ್ಭಕೋಶ ತೆಗೆಯುವುದು. ಅದು ಬೇಕಾದವರಿಗೆ ಬೇಕೇ. ಆಗ ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ. ಅದನ್ನೂ ತೆಗೆದರೆ ಹಾರ್ಮೋನುಗಳು ಒಮ್ಮೆಲೇ ಕುಸಿದು ಮೂಳೆ, ಹೃದಯಕ್ಕೆ ತೊಂದರೆ.

ಅಕ್ಕನಿಗೆ ಕಬ್ಬಿಣಾಂಶವನ್ನು ಡ್ರಿಪ್‌ನಲ್ಲಿ ಕೊಟ್ಟು, ಆ ಹಾರ್ಮೋನ್ ಸಾಧನ ಇಟ್ಟರು. ಅದು ಗರ್ಭನಿರೋಧಕವೂ ಹೌದು ಎಂದು ಅವಳು ಹಿಂಜರಿದಳು. ಇಲ್ಲಿ ಅದು ಔಷಧ ಎಂದು ನಾನೇ ಹೇಳಿದೆ. ಸಂಶಯವಿದ್ದವರು ತಮ್ಮ ಖತೀಬರನ್ನು ಕೇಳಲಿ. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು. ಗಡ್ಡೆ ಈಗಲೂ ಇದೆ, ಅವಳು ಮೆಟ್ಟಿಲು ಹತ್ತುತ್ತಾಳೆ.

ಪರ್ದಾದ ನೆಪ ಹೇಳಬೇಡಿ. ಬೆಂಗಳೂರಿನ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಇದೆ. ಪರ್ದಾ ಪಾಲಿಸುವ ಹೆಂಗಸರಿಗಾಗಿ ಬ್ರಿಟಿಷರ ಕಾಲದಲ್ಲೇ ಹಾಜಿ ಸರ್ ಇಸ್ಮಾಯಿಲ್ ಸೇಠ್ ಹಣ ಕೊಟ್ಟು ಕಟ್ಟಿಸಿದ್ದು. ಯಶವಂತಪುರದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ವಾಣಿವಿಲಾಸವೂ ಇದೆ. ಲೇಡಿ ಡಾಕ್ಟರ್ ಸಿಗದಿದ್ದರೆ ಅಗತ್ಯಕ್ಕೆ ಪುರುಷ ವೈದ್ಯರಿಗೆ ತೋರಿಸಲು ಶರೀಅತ್‌ನಲ್ಲಿ ಅನುಮತಿ ಇದೆ. ಖರ್ಚಿನ ಚಿಂತೆಯಾದರೆ ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಲಿ.

ರಕ್ತ ನಿಲ್ಲುವುದಿಲ್ಲ ಎಂಬ ದೂರು ಹೊತ್ತು ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿ(ಸ)ಯವರ ಬಳಿಗೇ ಬಂದರು. ಪ್ರವಾದಿಯವರು ನಾಚಿಕೆ ಪಡಿಸಲಿಲ್ಲ. ಇದು ಹೈಳ್ ಅಲ್ಲ, ರಕ್ತನಾಳದಿಂದ ಬರುವುದು ಎಂಬ ಅರ್ಥದಲ್ಲಿ ತಿಳಿಸಿಕೊಟ್ಟರು. ಅಂದರೆ ಹದಿನಾಲ್ಕು ಶತಮಾನಗಳ ಹಿಂದೆಯೇ ಇದು ದೇಹದ ತೊಂದರೆ ಎಂದು ಹೇಳಲಾಗಿದೆ. ಆ ಹದೀಸನ್ನು ಮದ್ರಸದಲ್ಲಿ ಎಷ್ಟು ಸಲ ಕಲಿಸಿದ್ದೇನೋ. ನನ್ನ ಅಕ್ಕನ ವಿಷಯದಲ್ಲಿ ಅದರ ಅರ್ಧವನ್ನೇ ಪಾಲಿಸಿದೆ.

ನನ್ನ ಸಹ ಉಸ್ತಾದರಲ್ಲಿ ವಿನಂತಿ: ಇಸ್ತಿಹಾಳದ ಮಸ್‌ಅಲ ಕೇಳಿ ಬಂದರೆ ಉತ್ತರದ ಜೊತೆಗೆ "ನಾಳೆಯೇ ಡಾಕ್ಟರಿಗೆ ತೋರಿಸಿ" ಎಂದು ಸೇರಿಸಿ. ಗಂಡಂದಿರಲ್ಲಿ ವಿನಂತಿ: ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ, ತಲೆಸುತ್ತು, ಏದುಸಿರು ಇದ್ದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಕಾಯಬೇಡಿ. ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಸಹಿ ಹಾಕಬೇಡಿ. ನಿಮ್ಮ ಉಮ್ಮ, ಹೆಂಡತಿ, ಅಕ್ಕ ತಂಗಿಯರನ್ನು ಇವತ್ತು ರಾತ್ರಿಯೇ ಒಮ್ಮೆ ಕೇಳಿ. ಅವರು ತಾವಾಗಿ ಹೇಳುವುದಿಲ್ಲ.