ಗಾಳಿ ನಿಂತ ಕಾರು ಮತ್ತು ನಮ್ಮ ತರ್ಕಶಾಸ್ತ್ರ

ತರ್ಕಶಾಸ್ತ್ರವು ಪರೀಕ್ಷೆಯ ಕೊಠಡಿಯಲ್ಲಿ ಹುಟ್ಟಿ ಅಲ್ಲಿಯೇ ಮಡಿಯುವ ವಿದ್ಯೆಯೆಂಬ ಭಾವನೆ ನಮ್ಮ ಕಲಾವಿಭಾಗದ ಮಿತ್ರರಲ್ಲಿ ಬೇರೂರಿದೆ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯುವುದಕ್ಕೆ ಎರಡು ವರ್ಷದ ಪಾಠವೇಕೆ ಎಂದು ನಗುವವರೂ ಉಂಟು. ಅವರಿಗೆ ಉತ್ತರವಾಗಿ, ವಿದ್ವಾಂಸರು ಕಣ್ಣೆತ್ತಿಯೂ ನೋಡದ ಒಂದು ಸಾಮಾನ್ಯ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹಳೆಯ ಕಾರಿನ ಏಸಿಯಿಂದ ಗಾಳಿ ಬರುವುದು ನಿಂತುಹೋದರೆ ಅದರ ಕಾರಣವನ್ನು ಕಂಡುಹಿಡಿಯುವುದು ಹೇಗೆ? ಇದು ಗ್ಯಾರೇಜಿನವರ ಪ್ರಶ್ನೆ, ನಮ್ಮದಲ್ಲ ಎಂದು ಪುಟ ತಿರುವಬೇಡಿರಿ.

ನಮ್ಮ ಖಜೂರಿ ಆಳಂದ ತಾಲ್ಲೂಕಿನ ಗಡಿಭಾಗದ ಊರು. ರಸ್ತೆ ಹಿಡಿದು ಮುಂದೆ ಹೋದರೆ ಮಹಾರಾಷ್ಟ್ರದ ಉಮರ್ಗಾ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯಲ್ಲ, ದಾಟದಿರುವುದೇ ಸುದ್ದಿ. ದೊಡ್ಡ ನಗರಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಕಾರುಗಳು ನಮ್ಮ ಕಡೆ ಬಂದು ಎರಡನೆಯ ಜನ್ಮ ತಾಳುತ್ತವೆ. 1983ರಲ್ಲಿ ರಸ್ತೆಗಿಳಿದು 2014ರ ಆರಂಭದಲ್ಲಿ ತಯಾರಿಕೆ ನಿಂತ ಮಾರುತಿ 800 ಗಾಡಿಗೂ ಹಳ್ಳಿಗಳಲ್ಲಿ ಇನ್ನೂ ಗೌರವ ಹೋಗಿಲ್ಲ. ಇಂಥ ಬಾಡಿಗೆ ಕಾರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಆಸ್ಪತ್ರೆಯಿಂದ ಊರಿಗೆ ಹಿಂತಿರುಗುವ ಹಸಿ ಬಾಣಂತಿಗೆ, ಆಪರೇಷನ್ ಆದ ಮುದುಕನಿಗೆ ಆ ಗಾಳಿ ವಿಲಾಸದ ವಸ್ತುವಲ್ಲ. ಕಿಟಕಿ ತೆರೆದರೆ ಬರುವುದು ಒಲೆಯ ಝಳ.

ಹೋದ ಬೇಸಿಗೆಯಲ್ಲಿ ನಮ್ಮೂರಿನ ಬಾಡಿಗೆ ಕಾರಿನ ಚಾಲಕರೊಬ್ಬರಿಗೆ ಒದಗಿದ ಪಾಡು ಹೀಗಿದೆ. ಗಾಳಿ ಮೊದಲು ಮಂದವಾಯಿತು, ಒಂದು ದಿನ ಪೂರ್ತಿ ನಿಂತಿತು. ಅವರು ಗ್ಯಾರೇಜಿಗೆ ಹೋಗಿ, “ಏಸಿ ನಡೀವಲ್ದು ನೋಡ್ರಿ” ಎಂದರು. “ಗ್ಯಾಸ್ ಖಾಲಿ ಆಗ್ಯಾದ, ತುಂಬಿಸ್ರಿ” ಎಂಬ ಉತ್ತರ ಬಂತು. ಗ್ಯಾಸು ತುಂಬಿದ್ದಾಯಿತು, ಗಾಳಿ ಬರಲಿಲ್ಲ. ಬ್ಲೋವರ್ ಮೋಟಾರು ಸುಟ್ಟಿದೆ ಎಂದರು, ಹೊಸದನ್ನು ಹಾಕಿದರು. ಹೊಸದೂ ತಿರುಗಲಿಲ್ಲ. ಆಗ ಸ್ವಿಚ್ಚಿನ ಮೇಲೆ ಸಂಶಯ ಹೋಯಿತು. ಮದುವೆಯ ಹಂಗಾಮಿನ ನಾಲ್ಕು ದಿನದ ಬಾಡಿಗೆ ಹೀಗೆ ಕೈಬಿಟ್ಟ ಮೇಲೆ, ವಯಸ್ಸಾದ ಎಲೆಕ್ಟ್ರಿಷಿಯನ್ನರೊಬ್ಬರು ಡ್ಯಾಶ್‌ಬೋರ್ಡಿನ ಒಳಗೆ ತುಕ್ಕು ಹಿಡಿದಿದ್ದ ಅರ್ಥ್ ವೈರಿನ ಬೋಲ್ಟನ್ನು ಬಿಚ್ಚಿ, ಉಜ್ಜಿ, ಬಿಗಿದರು. ಗಾಳಿ ಬಂತು. ಕಳಚಿ ಎಸೆದಿದ್ದ ಹಳೆಯ ಮೋಟಾರಿಗೆ ನೇರವಾಗಿ ಬ್ಯಾಟರಿಯ ವೈರು ತಾಗಿಸಿದಾಗ ಅದೂ ಭರ್ರನೆ ತಿರುಗಿತು!

ಇಲ್ಲಿ ತಪ್ಪಿದ್ದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಮೊದಲ ತಪ್ಪು ಮಾತಿನದು. “ಏಸಿ ನಡೆಯುತ್ತಿಲ್ಲ” ಎಂಬ ಒಂದೇ ವಾಕ್ಯದಲ್ಲಿ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಗಾಳಿ ಬರುತ್ತದೆ, ತಂಪಿಲ್ಲ ಎಂಬುದು ಒಂದು. ಗಾಳಿಯೇ ಬರುವುದಿಲ್ಲ ಎಂಬುದು ಇನ್ನೊಂದು. ಗ್ಯಾಸು, ಕಂಪ್ರೆಸರ್ ಮೊದಲಾದವು ತಂಪಿಗೆ ಸಂಬಂಧಪಟ್ಟವು. ಗಾಳಿಯನ್ನು ದೂಡುವುದು ಬ್ಲೋವರ್, ಅಂದರೆ ಒಂದು ಮೋಟಾರು ಮತ್ತು ಅಳಿಲಿನ ಪಂಜರದಂಥ ಒಂದು ಚಕ್ರ. ಅದು ನಿಂತಾಗ ಗ್ಯಾಸಿನ ಒತ್ತಡ ಅಳೆದರೂ ಲೆಕ್ಕ ಸರಿಬಾರದು. ಕಾರಿನ ಏಸಿಯ ಆರಂಭದ ದಿನಗಳಲ್ಲಿಯಂತೂ ಈ ಬ್ಲೋವರೇ ಸರ್ವಸ್ವವಾಗಿತ್ತು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1939ರಲ್ಲಿ ಹೊರತಂದ ತಂಪು ಕಾರಿನಲ್ಲಿ ಒಳಗೆ ಕುಳಿತವರ ಕೈಗಿದ್ದದ್ದು ಬ್ಲೋವರಿನ ಸ್ವಿಚ್ಚೊಂದೇ; ತಂಪುಯಂತ್ರವನ್ನೇ ನಿಲ್ಲಿಸಬೇಕಾದರೆ ಕೆಳಗಿಳಿದು ಬೆಲ್ಟು ಕಳಚಬೇಕಿತ್ತು. ಭಾಷೆಯನ್ನು ಓದುವ ನಾವು, ರೋಗಕ್ಕೆ ಸರಿಯಾದ ಹೆಸರು ಹೇಳಿದರೆ ಅರ್ಧ ಚಿಕಿತ್ಸೆ ಎಂಬುದನ್ನು ಉಳಿದವರಿಗಿಂತ ಮೊದಲು ಒಪ್ಪಬೇಕು.

ಎರಡನೆಯ ಪ್ರಶ್ನೆಯೇ ನನಗೆ ಬಹು ಪ್ರಿಯವಾದದ್ದು: ಗಾಳಿ ಎಲ್ಲ ವೇಗಗಳಲ್ಲಿಯೂ ನಿಂತಿದೆಯೋ, ಕೆಲವುಗಳಲ್ಲಿ ಮಾತ್ರವೋ? ಹಳೆಯ ಕಾರುಗಳಲ್ಲಿ 1, 2, 3 ಎಂಬ ವೇಗಗಳು ಬರುವುದು ರೆಸಿಸ್ಟರ್ ಎಂಬ ಸಣ್ಣ ತಂತಿ ಸುರುಳಿಗಳಿಂದ. ವಿದ್ಯುತ್ತು ಅವುಗಳ ಮೂಲಕ ಹಾದರೆ ಮೋಟಾರಿಗೆ ಸಿಗುವ ಶಕ್ತಿ ಕಡಿಮೆಯಾಗಿ ಅದು ನಿಧಾನವಾಗಿ ತಿರುಗುತ್ತದೆ. ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ವಿದ್ಯುತ್ತು ರೆಸಿಸ್ಟರನ್ನು ಬಿಟ್ಟು ಬೇರೆ ದಾರಿಯಿಂದ ಹೋಗುತ್ತದೆ. ಆದಕಾರಣ ಕೆಳಗಿನ ವೇಗಗಳು ಸತ್ತು ಮೇಲಿನದೊಂದೇ ಬದುಕಿದ್ದರೆ, ಫ್ಯೂಸು, ಮೋಟಾರು, ಅರ್ಥ್ ಈ ಮೂವರೂ ಒಂದೇ ಏಟಿಗೆ ನಿರ್ದೋಷಿಗಳೆಂದು ಬಿಡುಗಡೆ ಹೊಂದುತ್ತಾರೆ; ಅಪರಾಧಿ ರೆಸಿಸ್ಟರ್, ಅಥವಾ ಅದರ ಕನೆಕ್ಟರ್. ಒಂದು ಗುಂಡಿ ತಿರುಗಿಸಿ, ಒಂದು ಕಾಸೂ ಖರ್ಚಿಲ್ಲದೆ, ಇಷ್ಟು ತೀರ್ಮಾನ! ನಮ್ಮ ನೈಯಾಯಿಕರು ಅನ್ವಯ-ವ್ಯತಿರೇಕ ಎಂದದ್ದು, 1843ರಲ್ಲಿ ಮಿಲ್ ತನ್ನ ತರ್ಕಗ್ರಂಥದಲ್ಲಿ ವ್ಯತ್ಯಾಸದ ವಿಧಾನವೆಂದು ವಿವರಿಸಿದ್ದು ಇದಕ್ಕಿಂತ ಬೇರೆಯಲ್ಲ. (ಗುಂಡಿಯ ಬದಲು ಅಂಕಿ ತೋರಿಸುವ ಹೊಸ ಬಗೆಯ ಏಸಿಗಳಲ್ಲಿ ರೆಸಿಸ್ಟರಿನ ಜಾಗದಲ್ಲಿ ಎಲೆಕ್ಟ್ರಾನಿಕ್ ತುಂಡೊಂದು ಇರುತ್ತದೆ, ಅಲ್ಲಿ ಈ ಸೂತ್ರ ನಡೆಯದು.)

ಹೊಸ ರೆಸಿಸ್ಟರ್ ಹಾಕಿದ ಮೂರು ತಿಂಗಳಿಗೆ ಅದೂ ಸುಟ್ಟರೆ, “ಡುಪ್ಲಿಕೇಟ್ ಮಾಲು” ಎಂದು ಅಂಗಡಿಯವನನ್ನು ಬಯ್ಯುವುದು ವಾಡಿಕೆ. ಬಯ್ಯುವ ಮೊದಲು ಬೇವಿನ ಗಿಡದ ಕಡೆ ನೋಡಬೇಕು. ರೆಸಿಸ್ಟರನ್ನು ಬ್ಲೋವರಿನ ಗಾಳಿಯ ದಾರಿಯಲ್ಲಿಯೇ ಕೂರಿಸಿರುತ್ತಾರೆ, ಏಕೆಂದರೆ ಕಾದ ಸುರುಳಿಯನ್ನು ತಣಿಸುವುದು ಆ ಗಾಳಿಯೇ. ನಮ್ಮಲ್ಲಿ ಕಾರು ನಿಲ್ಲುವುದು ಬೇವಿನ ನೆರಳಿನಲ್ಲಿ. ಶಿವರಾತ್ರಿಯ ಸುಮಾರಿಗೆ ಬೇವು ಎಲೆ ಉದುರಿಸುತ್ತದೆ. ಎಲೆ ಗಾಜಿನ ಬುಡದ ಜಾಲರಿಯಿಂದ ಒಳಗಿಳಿದು ಬ್ಲೋವರಿನ ಚಕ್ರ ಸೇರುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು, ತೊಗರಿ ರಾಶಿಯ ಹೊಟ್ಟು. ತೊಗರಿಕಟ್ಟಿಗೆಯ ಬಣವೆಯ ಪಕ್ಕ ನಿಲ್ಲಿಸಿದ ಕಾರಿನಲ್ಲಿ ಇಲಿ ಗೂಡು ಕಟ್ಟಿದ್ದೂ ಉಂಟು. ಚಕ್ರ ಭಾರವಾಗುತ್ತದೆ, ಮೋಟಾರು ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಗಾಳಿ ಕಡಿಮೆಯಾಗುತ್ತದೆ, ತಣಿಸುವವರಿಲ್ಲದೆ ರೆಸಿಸ್ಟರ್ ಸುಡುತ್ತದೆ. ಸುಟ್ಟದ್ದು ಒಂದು, ಸುಟ್ಟವರು ಇನ್ನೊಬ್ಬರು.

ಫ್ಯೂಸಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಆದರೆ 20 ಆಂಪಿಯರಿನದು ಹೋದರೆ 30ರದು ಹಾಕುವವರು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು, ಫ್ಯೂಸು ಉಳಿಸಲು ಹೋಗಿ ಡ್ಯಾಶ್‌ಬೋರ್ಡಿನ ಹಿಂದಿನ ವೈರನ್ನೇ ಫ್ಯೂಸು ಮಾಡುತ್ತಾರೆ.

ಎಲ್ಲ ವೇಗಗಳೂ ನಿಂತಿದ್ದು ಫ್ಯೂಸು ಸರಿಯಿದ್ದರೆ ಮೋಟಾರಿನ ಸರದಿ. ಸಾಮಾನ್ಯವಾಗಿ ಅದು ಎಡಗಡೆಯ ಸೀಟಿನ ಮುಂದೆ, ಸಾಮಾನು ಇಡುವ ಡಬ್ಬಿಯ ಹಿಂದೆ ಇರುತ್ತದೆ. ಸ್ವಿಚ್ಚು ಹಾಕಿ ಅದರ ಮೈಯನ್ನು ಮೆಲ್ಲಗೆ ತಟ್ಟಿದಾಗ ತಿರುಗಿದರೆ ಒಳಗಿನ ಕಾರ್ಬನ್ ಸವೆದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ತಿರುಗದಿದ್ದರೆ ಮೀಟರಿನ ಎರಡೂ ಕಡ್ಡಿಗಳನ್ನು ಮೋಟಾರಿನ ಎರಡು ತುದಿಗಳಿಗೇ ಹಿಡಿಯಬೇಕು. 12 ವೋಲ್ಟು ತೋರಿಸಿಯೂ ತಿರುಗದಿದ್ದರೆ ಮೋಟಾರು ಕೆಟ್ಟಿದೆ. ತೋರಿಸದಿದ್ದರೆ ಮೋಟಾರಿನ ಮೇಲೆ ಆಪಾದನೆ ಸಲ್ಲದು. ನಮ್ಮ ಚಾಲಕರ ಕಾರಿನಲ್ಲಿ ಯಾರೂ ಮಾಡದೆ ಬಿಟ್ಟದ್ದು ಈ ಒಂದು ನಿಮಿಷದ ಪರೀಕ್ಷೆಯನ್ನೇ. ಸಣ್ಣ ಬಲ್ಬಿನ ಟೆಸ್ಟ್ ಲ್ಯಾಂಪನ್ನು ನಂಬಿದವರು ಇಲ್ಲಿ ಮೋಸಹೋಗುವುದುಂಟು. ಬಲ್ಬಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ತುಕ್ಕು ಹಿಡಿದ ಜಾಯಿಂಟು ಅಷ್ಟನ್ನು ಹೇಗೋ ದಾಟಿಸಿ ಬಲ್ಬನ್ನು ಬೆಳಗಿಸುತ್ತದೆ, ಹತ್ತಾರು ಆಂಪಿಯರ್ ಕೇಳುವ ಮೋಟಾರಿನ ಮುಂದೆ ಕೈಚೆಲ್ಲುತ್ತದೆ.

ಅವರವರ ಕಸುಬು ಅವರವರಿಗೆ, ಬಿ.ಎ. ಓದುವವನಿಗೆ ಅರ್ಥ್ ವೈರಿನ ಗೊಡವೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ಸ್ಪ್ಯಾನರ್ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಏರ್‌ಬ್ಯಾಗು ಇರುವ ಕಾರಾದರೆ ಡ್ಯಾಶ್‌ಬೋರ್ಡಿಗೆ ಕೈಹಾಕಲೇಬಾರದು. ಆದರೆ ವೈದ್ಯರ ಮುಂದೆ ಹೊಟ್ಟೆನೋವು ಎಡಕ್ಕೋ ಬಲಕ್ಕೋ ಎಂದು ಹೇಳಲು ನಾವೇನೂ ವೈದ್ಯರಾಗಬೇಕಿಲ್ಲವಷ್ಟೆ. ಹಾಗೆಂದು ದೋಷವನ್ನೆಲ್ಲ ಗ್ಯಾರೇಜಿನವರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹೊಸ ಮೋಟಾರು ಹಾಕಿದರೆ ನಾವು ಚೌಕಾಸಿ ಮಾಡಿಯಾದರೂ ಹಣ ಕೊಡುತ್ತೇವೆ. ಅರ್ಧ ತಾಸು ಮೀಟರು ಹಿಡಿದು ಹುಡುಕಿ, ಬೋಲ್ಟೊಂದನ್ನು ಉಜ್ಜಿ ಬಿಗಿದವನಿಗೆ “ಏನೂ ಹಾಕೇ ಇಲ್ಲಲ್ಲಪಾ, ಯಾತರ ರೊಕ್ಕ?” ಎನ್ನುತ್ತೇವೆ. ಆ ವೃದ್ಧ ಎಲೆಕ್ಟ್ರಿಷಿಯನ್ನರಿಗೆ ಸಂದದ್ದೂ ಚಹದ ಕಾಸಷ್ಟೇ. ಸಾಮಾನಿಗೆ ಬೆಲೆಯುಂಟು, ತಿಳಿವಳಿಕೆಗಿಲ್ಲ ಎಂದಾದಾಗ ಗ್ಯಾರೇಜಿನ ಹುಡುಗನು ಸಾಮಾನು ಬದಲಿಸುವುದನ್ನೇ ಕಲಿಯುತ್ತಾನೆ. ನೋಡುವುದಕ್ಕೆ ಇಷ್ಟು, ಹಾಕುವುದಕ್ಕೆ ಇಷ್ಟು ಎಂದು ಎರಡು ಬೇರೆ ಕೂಲಿ ಕೊಡುವ ರೂಢಿ ಬಂದರೆ ಬಾಡಿಗೆ ಕಾರಿನವರಿಗೇ ಉಳಿತಾಯ.

ನಮ್ಮ ತರ್ಕಶಾಸ್ತ್ರದ ಅಧ್ಯಾಪಕರಲ್ಲಿ ಒಂದು ಬಿನ್ನಹ. ಗುಜರಿಯಲ್ಲಿ ಹಳೆಯ ಬ್ಲೋವರ್, ಅದರ ಸ್ವಿಚ್ಚು, ರೆಸಿಸ್ಟರ್ ಸಮೇತ ಅಗ್ಗಕ್ಕೆ ದೊರೆಯುತ್ತದೆ. ಅದನ್ನೊಂದು ಹಲಗೆಯ ಮೇಲೆ ಜೋಡಿಸಿ, ಬ್ಯಾಟರಿ ಕೊಟ್ಟು, ಎಲ್ಲಿಯಾದರೂ ಒಂದು ವೈರು ಕಳಚಿಟ್ಟು ತರಗತಿಗೆ ತನ್ನಿರಿ. ಮುಂದಿನ ವರ್ಷದ ಅನುಮಾನ ಪ್ರಕರಣದ ಪಾಠವನ್ನು ಅದರ ಮುಂದೆಯೇ ನಡೆಸೋಣ. ಬ್ಯಾಟರಿ ಹೊತ್ತು ತರುವ ಜವಾಬ್ದಾರಿ ನನ್ನದು.